ಅಂಜೂರದ ಕುಂಡ: ಬತ್ತಿಯೋ, ಜೋಡಿ ಬಕೆಟ್ಟೋ, ಟಬ್ಬೋ?

ಅಂಜೂರಕ್ಕೆ ಬಾಯಾರಿಕೆ ಜಾಸ್ತಿ. ಕಾಯಿ ಬಿಟ್ಟಾಗ ಕುಂಡ ಪೂರ್ತಿ ಒಣಗಿದರೆ ಕಾಯಿ ಉದುರುತ್ತದೆ. ಒಣಗಿದ ಮೇಲೆ ಒಮ್ಮೆಲೇ ನೀರು ಸುರಿದರೆ ಮಾಗುತ್ತಿರುವ ಹಣ್ಣು ಸೀಳುತ್ತದೆ. ಅದಕ್ಕೇ ತಳದಲ್ಲಿ ನೀರು ನಿಲ್ಲುವ ಕುಂಡಗಳನ್ನು ಮನೆಯಲ್ಲೇ ಮೂರು ಥರ ಮಾಡಿ ನೋಡಿದೆ.

ಬತ್ತಿಯ ಕುಂಡ ಸುಲಭ. ತಳದ ತೂತಿನಿಂದ ಬತ್ತಿ ಇಳಿಬಿಟ್ಟು ಕೆಳಗೊಂದು ನೀರಿನ ಡಬ್ಬ ಇಟ್ಟರಾಯಿತು. ಎಳೆ ಸಸಿಗೆ ಸಾಕು. ಎಲೆ ತುಂಬಿಕೊಂಡ ಮೇಲೆ ಮಾತ್ರ ಮಧ್ಯಾಹ್ನದ ಬಿಸಿಲಿಗೆ ಗಿಡ ಜೋತು ಬೀಳುತ್ತಿತ್ತು. ಡಬ್ಬದಲ್ಲಿ ನೀರು ಇದ್ದೇ ಇತ್ತು, ಬತ್ತಿಗೆ ಅಷ್ಟು ಬೇಗ ಎಳೆಯಲು ಆಗುತ್ತಿರಲಿಲ್ಲ. ಹತ್ತಿ ಬತ್ತಿಯಾದರೆ ಕೊಳೆಯುವ ಕಾಟ ಬೇರೆ.

ಜೋಡಿ ಬಕೆಟ್ ಅಂದರೆ ಒಂದರೊಳಗೆ ಒಂದು. ಒಳಗಿನದರ ತಳ ಕೊರೆದು, ಮೈತುಂಬ ತೂತು ಮಾಡಿದ ಲೋಟವೊಂದನ್ನು ಕೆಳಗಿನ ನೀರಿನಲ್ಲಿ ಮುಳುಗುವಂತೆ ಕೂರಿಸಬೇಕು. ಲೋಟದಲ್ಲಿ ಒತ್ತಿ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ನೀರನ್ನು ಮೇಲೆಳೆಯುತ್ತದೆ. ನೀರು ಹಾಕಲು ಪಕ್ಕದಲ್ಲೊಂದು ಪೈಪ್. ಹೊರಗಿನ ಬಕೆಟ್ಟಿಗೆ, ಒಳಗಿನದರ ತಳಕ್ಕಿಂತ ಸ್ವಲ್ಪ ಕೆಳಗೆ, ಹೆಚ್ಚಾದ ನೀರು ಹರಿದುಹೋಗುವ ತೂತು ಇರಲೇಬೇಕು. ಇಲ್ಲದಿದ್ದರೆ ಜೋರು ಮಳೆಗೆ ಬೇರು ಮುಳುಗಿ ಕೊಳೆಯುತ್ತದೆ. ನನಗೆ ಇದು ಹಿಡಿಸಿದ್ದು ಬೇರೆಯೇ ಕಾರಣಕ್ಕೆ. ಒಳಗಿನ ಬಕೆಟ್ ಎತ್ತಿದರೆ ಲೋಟದ ತೂತುಗಳಿಂದ ಬಿಳಿ ಬೇರುಗಳು ಗಡ್ಡದ ಹಾಗೆ ಇಳಿದಿರುತ್ತವೆ. ಕತ್ತರಿಯಿಂದ ಸವರಿ ವಾಪಸ್ ಇಟ್ಟರೆ ಆಯ್ತು.

ದೊಡ್ಡ ಟಬ್ಬಿನ ತಳದಲ್ಲಿ, ನೀರು ನಿಲ್ಲಲೆಂದು ತೂತಿನ ಡ್ರೈನ್ ಪೈಪ್ ಮಲಗಿಸಿದ್ದು ಮೂರನೆಯದು. ಹಣ್ಣು ಜಾಸ್ತಿ ಬಂದಿದ್ದು ಇದರಲ್ಲೇ. ಬೇರಿಗೆ ಜಾಗ, ನೀರಿನ ದಾಸ್ತಾನು ಎರಡೂ ಹೆಚ್ಚು, ಅಲ್ವಾ? ಆದರೆ ಬೇರು ಪೈಪಿನೊಳಗೂ ನುಗ್ಗಿ ನೀರಿನ ಜಾಗ ತಿಂದುಹಾಕುತ್ತದೆ. ಬಿಡಿಸಬೇಕೆಂದರೆ ಟಬ್ಬು ಮಗುಚಲೇಬೇಕು, ಅದು ಒಬ್ಬರ ಕೈಲಾಗುವ ಕೆಲಸವಲ್ಲ. ಟಬ್ಬು ಬೇಕೇ ಬೇಕು ಅನ್ನುವವರು ಅದರ ಕೆಳಗೆ ಮೊದಲೇ ಚಕ್ರ ಹಾಕಿಕೊಳ್ಳಿ. ನಾನಂತೂ ಮುಂದಿನ ಗಿಡಕ್ಕೂ ಜೋಡಿ ಬಕೆಟ್ಟೇ ಇಡುವವನು. ನಾಲ್ಕು ಹಣ್ಣು ಕಡಿಮೆಯಾದರೂ ಪರವಾಗಿಲ್ಲ.

ಯಾವುದೇ ಆಗಲಿ, ತೋಟದ ಮಣ್ಣು ತುಂಬಬೇಡಿ. ಕ್ರಮೇಣ ಗಟ್ಟಿಯಾಗಿ ಗಾಳಿಯಾಡದೆ ಕೆಸರಾಗುತ್ತದೆ. ಕೋಕೋಪೀಟ್, ಪರ್ಲೈಟ್ (ಹಗುರವಾದ ಬಿಳಿ ಹರಳು), ಸ್ವಲ್ಪ ಕಾಂಪೋಸ್ಟ್ ಸಾಕು. ನೀರು ಕೆಳಗಿನಿಂದ ಏರುವುದರಿಂದ ಗೊಬ್ಬರದ ಉಪ್ಪು ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಆಗಾಗ ಮೇಲಿನಿಂದ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಪೈಪಿನ ಬಾಯಿಗೂ ಹೊರತೂತಿಗೂ ಸೊಳ್ಳೆ ಪರದೆಯ ತುಂಡು ಕಟ್ಟಿ.