ನೋವಿ ಪಾಜಾರ್ ಗೋಡೆನಕ್ಷೆ: ಎರಡನೇ ಹಾಳೆಗೆ ಕೈಹಚ್ಚದೆ ನೇತುಹಾಕಬೇಡಿ

ಶಿವಮೊಗ್ಗದಲ್ಲಿ ಸಿಗುವ ಈ ಕಟ್ಟಿನಲ್ಲಿ ಮೂರು ಹಾಳೆಗಳಿವೆ: 1865, 1878, 1912. ವಿಷಯ, ಸರ್ಬಿಯಾ ಮತ್ತು ಮಾಂಟೆನೆಗ್ರೊ ನಡುವೆ ಬೆಣೆ ಬಡಿದಂತಿದ್ದ ಆಟೊಮನ್ ಗಡಿ ಜಿಲ್ಲೆ ನೋವಿ ಪಾಜಾರ್.

ಮೊದಲ ಹಾಳೆಗೆ ಪೂರ್ತಿ ಅಂಕ. 1864ರ ಪ್ರಾಂತ್ಯ ಕಾನೂನಿನ ಶ್ರೇಣಿ ಬದಿಯಲ್ಲೇ ಇದೆ: ವಿಲಾಯತ್ (ಪ್ರಾಂತ್ಯ), ಸಂಜಾಕ್, ಕಜಾ, ನಾಹಿಯೆ. ನಮ್ಮ ಮಕ್ಕಳಿಗೆ ಕೊನೆಯ ಮೂರನ್ನು ಜಿಲ್ಲೆ, ತಾಲ್ಲೂಕು, ಹೋಬಳಿ ಎಂದರೆ ಸಾಕು. ಕಜಾದ ಕಾಯ್ಮಕಾಮ್ ಎಂದರೆ ಹೆಚ್ಚುಕಡಿಮೆ ಹಳೇ ಮೈಸೂರಿನ ಅಮಲ್ದಾರ.

ಎಡವಿರುವುದು ಎರಡನೆಯದರಲ್ಲಿ. ಬೊಸ್ನಿಯಾಕ್ಕೂ ನೋವಿ ಪಾಜಾರ್ ಸಂಜಾಕ್‌ಗೂ ಒಂದೇ ಹಳದಿ ಬಳಿದಿದ್ದಾರೆ. 1878ರ ಬರ್ಲಿನ್ ಒಪ್ಪಂದದ 25ನೇ ವಿಧಿ ಇವೆರಡನ್ನು ಬೇರೆಯಾಗಿಯೇ ಇಟ್ಟಿದೆ. ಬೊಸ್ನಿಯಾ-ಹರ್ಜೆಗೊವಿನಾದಲ್ಲಿ ಆಸ್ಟ್ರಿಯಾ-ಹಂಗರಿಗೆ ಸೇನೆಯೂ ಉಂಟು, ಆಡಳಿತವೂ ಉಂಟು. ಸಂಜಾಕ್‌ನಲ್ಲಿ ಸೇನೆ ಇಡುವ ಹಕ್ಕಷ್ಟೇ, ಆಡಳಿತ ಸುಲ್ತಾನನದ್ದೇ. 1879ರಲ್ಲಿ ಬಂದ ಸೇನೆ ಪಶ್ಚಿಮ ಭಾಗದ ಪ್ರಿಬೊಯ್, ಪ್ರಿಯೆಪೊಲ್ಯೆ, ಪ್ಲೆವ್ಲ್ಯಾಗಳಲ್ಲಿ ಕೂತಿತು. ಒಂದೇ ಬಣ್ಣದ ನಕ್ಷೆ ತೋರಿಸಿ 1908ರ ಪಾಠ ಮಾಡಲು ಹೋದರೆ ಕೆಡುತ್ತದೆ: ಬೊಸ್ನಿಯಾವನ್ನು ಪೂರ್ತಿ ನುಂಗಿದ ವರ್ಷವೇ ಆಸ್ಟ್ರಿಯಾ ಸಂಜಾಕ್‌ನಿಂದ ಸೇನೆ ಹಿಂತೆಗೆಯಿತು. ‘ತನ್ನದೇ ನೆಲ ಬಿಟ್ಟು ಹೋಗಿದ್ದೇಕೆ ಸಾರ್?’ ಎಂದು ಹಿಂದಿನ ಬೆಂಚು ಕೇಳದೆ ಇರುವುದಿಲ್ಲ.

ಸರಿಪಡಿಸಲು ಸಂಜಾಕ್ ಗಡಿಯೊಳಗೆ ಒಂದು ಸೆಂಟಿಮೀಟರ್ ಅಂತರದಲ್ಲಿ ಹಸಿರು ಓರೆಗೆರೆ ಎಳೆದು, ಆ ಮೂರು ಊರಿಗೆ ಕೆಂಪು ಚುಕ್ಕಿ ಇಡಿ. ಲ್ಯಾಮಿನೇಶನ್‌ಗೆ ಮೊದಲೇ ಇದು ಮುಗಿಯಬೇಕು, ಆಮೇಲೆ ಬರೆದದ್ದು ಧೂಳು ಒರೆಸುವಾಗ ಬಟ್ಟೆಗೆ ಬರುತ್ತದೆ.

ಮೂರನೇ ಹಾಳೆಯಲ್ಲಿ ಉವಾಟ್ಸ್‌ನಿಂದ ಮಿತ್ರೊವಿಟ್ಸಾಗೆ ರೈಲು ಓಡಿಸಿಯೇಬಿಟ್ಟಿದ್ದಾರೆ! 1908ರ ಜನವರಿಯಲ್ಲಿ ಆಸ್ಟ್ರಿಯಾದ ವಿದೇಶ ಮಂತ್ರಿ ಎಹ್ರೆಂಟಾಲ್ ಪ್ರಕಟಿಸಿದ ಯೋಜನೆ ಅದು, ಹಳಿ ಬೀಳಲೇ ಇಲ್ಲ. ತಾಳಗುಪ್ಪ-ಹೊನ್ನಾವರ ಮಾರ್ಗಕ್ಕೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗೆರೆಯನ್ನು ಅಲ್ಲಲ್ಲಿ ವೈಟ್ನರ್‌ನಿಂದ ತುಂಡರಿಸಿದರೆ ಚುಕ್ಕಿಗೆರೆಯಾಗುತ್ತದೆ. 1912ರಲ್ಲಿ ಸರ್ಬಿಯಾ, ಮಾಂಟೆನೆಗ್ರೊ ಜಿಲ್ಲೆಗೆ ನುಗ್ಗಿದ್ದನ್ನು ಬಾಣಗಳಲ್ಲಿ ಸರಿಯಾಗಿ ತೋರಿಸಿದ್ದಾರೆ.

ಕಾಗದ ತೆಳು. ಮಲೆನಾಡಿನ ಜಡಿಮಳೆಗೆ ಒಂದೇ ಮಗ್ಗುಲು ಲ್ಯಾಮಿನೇಟ್ ಮಾಡಿಸಿದರೆ ಬರಿಯ ಮಗ್ಗುಲು ತೇವ ಕುಡಿದು ಹಾಳೆ ಸುರುಳಿ ಸುತ್ತುತ್ತದೆ. ಎರಡೂ ಮಗ್ಗುಲು, ಮ್ಯಾಟ್ ಫಿನಿಶ್, ನಾಲ್ಕೂ ಅಂಚಿಗೆ ಅರ್ಧ ಇಂಚು ಪ್ಲಾಸ್ಟಿಕ್ ಬಿಡಿಸಿ. ಹೊಳಪಿನದಾದರೆ ಟ್ಯೂಬ್‌ಲೈಟ್ ಕೆಳಗೆ ಊರಿನ ಹೆಸರು ಓದಲಾಗದು. ಮೇಲೂ ಕೆಳಗೂ ಮರದ ಪಟ್ಟಿ ಹೊಡೆದು ಒಳಗೋಡೆಗೆ ಹಾಕಿ. ಎರಚಲು ಬಡಿಯುವ ಗೋಡೆಯಾದರೆ ಆಗಸ್ಟ್ ಹೊತ್ತಿಗೆ ಹಿಂದೆಲ್ಲ ಬೂಷ್ಟು.