ಬ್ಲೋವರಿಗೆ ಸಾದಾ ಬೆಲ್ಟೋ, ಕಾಗ್ ಬೆಲ್ಟೋ, ಟೈಮಿಂಗ್ ಬೆಲ್ಟೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಾಗ್ ಬೆಲ್ಟಿಗೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಪೇಂಟ್ ಬೂತಿನ ಗಾಳಿ ಹೊರಗೆಳೆಯುವ 5 ಎಚ್‌ಪಿ ಬ್ಲೋವರಿಗೆ ಈಗ ಓಡುತ್ತಿರುವುದು ಅದೇ. ಬಿ ಸೆಕ್ಷನ್ನಿನ (ಅದು ಬೆಲ್ಟಿನ ಅಗಲ-ದಪ್ಪದ ಒಂದು ಅಳತೆ) ಎರಡು ಬೆಲ್ಟಿನ ಡ್ರೈವ್ ಅದು. ಮೊದಲು ಸಾದಾ ವಿ-ಬೆಲ್ಟ್ (ಅಡ್ಡ ಕೊಯ್ದರೆ ವಿ ಆಕಾರ ಕಾಣುವುದು) ಇತ್ತು. ಪಕ್ಕದ ಇನ್ನೊಂದು ಬ್ಲೋವರಿನಲ್ಲಿ ಟೈಮಿಂಗ್ ಬೆಲ್ಟನ್ನೂ (ಅದರ ಹಲ್ಲು ಪುಲ್ಲಿಯ ಹಲ್ಲಿಗೆ ಕಚ್ಚಿಕೊಂಡು ಓಡುತ್ತದೆ) ಓಡಿಸಿ ನೋಡಿದ್ದೇನೆ.

ಸಾದಾ ಬೆಲ್ಟ್ ಅಂದರೆ ಮೈತುಂಬ ಬಟ್ಟೆ ಸುತ್ತಿರುವುದು. ಅಗ್ಗ. ಸಂಜೆ ಏಳಕ್ಕೆ ಹೋದರೂ ಸಿಗುತ್ತದೆ. ಅದರ ಒಂದೇ ಕಾಟ ಅಂದರೆ ಬಿಗಿ ನಿಲ್ಲುವುದಿಲ್ಲ.

ಹೊಸ ಬೆಲ್ಟ್ ಹಾಕಿ ಬಿಗಿ ಮಾಡಿ ಬಿಟ್ಟರೆ, ಓಡುತ್ತಾ ಓಡುತ್ತಾ ಅದು ಸ್ವಲ್ಪ ಹಿಗ್ಗುತ್ತದೆ, ಪುಲ್ಲಿಯ ಗ್ರೂವಿನೊಳಗೆ, ಅಂದರೆ ಗಾಡಿಯೊಳಗೆ, ಕೂತುಕೊಳ್ಳುತ್ತದೆ. ಹಾಗಾಗಿ ಮೊದಲ 24 ಗಂಟೆ ಓಡಿದ ಮೇಲೆ ಮತ್ತೆ ಬಿಗಿ ಮಾಡಬೇಕು. ಇದು ಎಲ್ಲ ವಿ-ಬೆಲ್ಟಿಗೂ ಇರುವ ನಿಯಮ. ಆದರೆ ಸಾದಾ ಬೆಲ್ಟಿನಲ್ಲಿ ಅದು ಅಲ್ಲಿಗೇ ಮುಗಿಯುವುದಿಲ್ಲ. ಮೇಲಿನ ಬಟ್ಟೆ ಸವೆಯುತ್ತಾ ಬಂದಂತೆ ಮತ್ತೆ ಸಡಿಲ, ಮತ್ತೆ ಬಿಗಿ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೀಂ ಅನ್ನುತ್ತದೆ. ಗಾರ್ಡ್ (ಬೆಲ್ಟಿನ ಮೇಲಿನ ಮುಚ್ಚಳ) ಬಿಚ್ಚಿದರೆ ತಳದಲ್ಲಿ ಕಪ್ಪು ರಬ್ಬರ್ ಪುಡಿ. ಬೆಲ್ಟಿನ ಎರಡೂ ಪಕ್ಕ ಗಾಜಿನ ಹಾಗೆ ಮಿಂಚುತ್ತಿರುತ್ತದೆ.

ಬಿಗಿ ಮಾಡುವುದು ಎರಡು ನಿಮಿಷದ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೇನ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಕರೆಂಟ್ ಇಲ್ಲದಿದ್ದರೂ ಡಕ್ಟಿನ ಗಾಳಿಗೆ ಇಂಪೆಲ್ಲರ್ (ಒಳಗಿನ ಫ್ಯಾನ್ ಚಕ್ರ) ತಾನಾಗಿ ತಿರುಗುತ್ತಿರುತ್ತದೆ, ಅದನ್ನು ಕಟ್ಟಿ ನಿಲ್ಲಿಸಬೇಕು. ಬೆರಳು ಹೋಗುವುದು ಇಂಥ ಹೊತ್ತಲ್ಲೇ. ಆಮೇಲೆ ಗಾರ್ಡಿನ ಬೋಲ್ಟುಗಳು, ಪೇಂಟ್ ಕೂತು ಗಟ್ಟಿಯಾಗಿರುತ್ತವೆ. ಅದಾದ ಮೇಲೆ ಮೋಟಾರಿನ ನಾಲ್ಕು ಬೋಲ್ಟ್ ಸಡಿಲಿಸಿ ಹಿಂದಕ್ಕೆ ಸರಿಸುವುದು. ನಿಜವಾದ ತಲೆನೋವು ಇಲ್ಲಿದೆ. ಮೋಟಾರ್ ನೇರ ಹಿಂದಕ್ಕೆ ಹೋಗುವುದೇ ಇಲ್ಲ, ಒಂದು ಮೂಲೆ ಮುಂದೆ, ಒಂದು ಮೂಲೆ ಹಿಂದೆ ಆಗಿ ಓರೆಯಾಗುತ್ತದೆ. ಬಿಗಿ ಸರಿಯಾಯಿತು ಅನ್ನುವಷ್ಟರಲ್ಲಿ ಅಲೈನ್‌ಮೆಂಟ್, ಅಂದರೆ ಎರಡು ಪುಲ್ಲಿ ಒಂದೇ ಸಾಲಿನಲ್ಲಿರುವುದು, ಕೆಟ್ಟಿರುತ್ತದೆ. ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿಯಿರಿ. ಮುಖದ ಅಂಚು ಒಂದೇ ದಪ್ಪ ಇರುವ ಪುಲ್ಲಿಗಳಾದರೆ ದಾರ ನಾಲ್ಕು ಕಡೆ ಮುಟ್ಟಬೇಕು. ಮೂರೇ ಕಡೆ ಮುಟ್ಟಿದರೆ ಮತ್ತೆ ಸ್ಪ್ಯಾನರ್ ಹಿಡಿಯಬೇಕು.

ಬಿಗಿಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇದು. ಪುಲ್ಲಿಗಳ ನಡುವೆ ಬೆಲ್ಟಿನ ನೇರ ಭಾಗ 600 ಮಿ.ಮೀ. ಇದ್ದರೆ, ಕ್ಯಾಟಲಾಗ್ ಹೇಳುವಷ್ಟು ತೂಕದಲ್ಲಿ ಮಧ್ಯೆ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಬೇಕು. ಒಂದು ಮೀಟರಿಗೆ 16 ಮಿ.ಮೀ. ಅಂತ ನೆನಪಿಟ್ಟುಕೊಂಡರೆ ಸಾಕು. ಪದೇ ಪದೇ ಬಿಚ್ಚುವುದು ಬೇಡ ಅಂತ ಕೆಲವು ಫಿಟ್ಟರುಗಳು ಒಂದೇ ಸಲ ಕಲ್ಲಿನಂತೆ ಬಿಗಿ ಮಾಡಿಬಿಡುತ್ತಾರೆ. ಬೆಲ್ಟ್ ಜಾರುವುದಿಲ್ಲ, ಆದರೆ ಬೇರಿಂಗ್ ಹೋಗುತ್ತದೆ. ಬೆಲ್ಟ್ ಬೇಕಾ, ಬೇರಿಂಗ್ ಬೇಕಾ ಅಂದರೆ ಬೇರಿಂಗೇ ದುಬಾರಿ ಅಲ್ವಾ?

ಕಾಗ್ ಬೆಲ್ಟಿಗೆ ಬಂದರೆ, ಒಳಮೈ ಕಚ್ಚು ಕಚ್ಚಾಗಿರುತ್ತದೆ, ಪಕ್ಕಗಳಿಗೆ ಬಟ್ಟೆ ಇರುವುದಿಲ್ಲ. ಕಚ್ಚು ಇರುವುದರಿಂದ ಮೋಟಾರಿನ ಸಣ್ಣ ಪುಲ್ಲಿಯ ಮೇಲೆ ಸಲೀಸಾಗಿ ಬಾಗುತ್ತದೆ, ಬಿಸಿ ಕಡಿಮೆ. ರಬ್ಬರ್ ನೇರವಾಗಿ ಗ್ರೂವನ್ನು ಹಿಡಿಯುತ್ತದೆ. ಸಾದಾ ಬೆಲ್ಟಿಗಿಂತ ಸುಮಾರು 2% ಹೆಚ್ಚು ದಕ್ಷತೆ ಸಿಗುತ್ತದೆ. ಆದರೆ ನಾನು ಮನಸ್ಸು ಮಾಡಿದ್ದು ಎರಡು ಕಾರಣಕ್ಕೆ. ಹಳೆಯ ಪುಲ್ಲಿಗೇ ಕೂರುತ್ತದೆ, ಏನೂ ಬದಲಿಸಬೇಕಿಲ್ಲ. ಮತ್ತೆ, 24 ಗಂಟೆಯ ಬಿಗಿ ಒಂದು ಆದ ಮೇಲೆ ಮೋಟಾರನ್ನು ಅಲುಗಿಸುವ ಪ್ರಸಂಗ ಅಪರೂಪ. ಗಾರ್ಡಿನ ಜಾಲರಿಯಿಂದ ಟಾರ್ಚ್ ಹಾಕಿ ನೋಡುತ್ತೇನೆ, ಪ್ಲಮ್ಮರ್ ಬ್ಲಾಕ್ (ಬೇರಿಂಗ್ ಕೂತಿರುವ ಕಟ್ಟೆ) ಮೇಲೆ ಕೈಯಿಟ್ಟು ಬಿಸಿ ನೋಡುತ್ತೇನೆ, ಅಷ್ಟೇ. ನಾನು ಕೊಳ್ಳುವ ಅಂಗಡಿಯಲ್ಲಿ ಬೆಲೆ ಹೆಚ್ಚು ಕಡಿಮೆ ಒಂದೂವರೆ ಪಟ್ಟು. ನಮ್ಮಲ್ಲಿ ಒಂದೇ ಶಿಫ್ಟು, ಒಬ್ಬನೇ ಫಿಟ್ಟರ್. ಅವನ ಅರ್ಧ ದಿನ ಉಳಿದರೆ ಆ ದುಡ್ಡು ಬಂದ ಹಾಗೇ.

ಕೊಳ್ಳುವಾಗ ಒಂದು ಜಗಳ ಆಡಲೇಬೇಕು. ಎರಡು ಬೆಲ್ಟನ್ನೂ ಒಂದೇ ಕಂಪನಿಯ ಒಂದೇ ಸೆಟ್ ಕೊಡಿ ಅಂತ ಕೇಳಿ. "ನಂಬರ್ ಒಂದೇ ಸಾರ್, ನಡೆಯುತ್ತೆ" ಅಂತ ಬೇರೆ ಬೇರೆ ಡಬ್ಬದಿಂದ ಕೊಡುತ್ತಾರೆ. ನಡೆಯುವುದಿಲ್ಲ. ಉದ್ದದಲ್ಲಿ ಚೂರು ವ್ಯತ್ಯಾಸ ಇದ್ದರೂ ಒಂದು ಬೆಲ್ಟ್ ಭಾರ ಎಳೆಯುತ್ತದೆ, ಇನ್ನೊಂದು ಸುಮ್ನೆ ಜೋಲಾಡುತ್ತದೆ. ಪೇಂಟ್ ಬೂತಾದರೆ ಆಂಟಿ-ಸ್ಟಾಟಿಕ್ (ಉಜ್ಜಾಟದ ಕರೆಂಟ್ ಕೂಡಿ ಕಿಡಿ ಹಾರದಂಥದ್ದು) ಅಂತ ಬೆಲ್ಟಿನ ಮೇಲೆ ಬರೆದಿದೆಯಾ ನೋಡಿ.

ಇನ್ನೊಂದು ವಿಷಯ. ಬೆಲ್ಟ್ ಜಾರುತ್ತಿದ್ದಾಗ ಕ್ಲ್ಯಾಂಪ್ ಮೀಟರಿನಲ್ಲಿ (ವೈರಿಗೆ ಕಚ್ಚಿಸಿ ಕರೆಂಟ್ ಅಳೆಯುವುದು) ಮೋಟಾರಿನ ಆಂಪ್ಸ್ ಕಡಿಮೆ ತೋರಿಸುತ್ತದೆ. ಕರೆಂಟ್ ಉಳಿಯಿತು ಅಂದುಕೊಳ್ಳಬೇಡಿ. ಫ್ಯಾನ್ ನಿಧಾನವಾಗಿದೆ, ಗಾಳಿ ಎಳೆಯುತ್ತಿಲ್ಲ, ಬೂತಿನಲ್ಲಿ ನಿಂತ ಪೇಂಟರ್ ಪೇಂಟಿನ ಹೊಗೆ ಕುಡಿಯುತ್ತಿದ್ದಾನೆ.

ಟೈಮಿಂಗ್ ಬೆಲ್ಟ್ ಜಾರುವುದೇ ಇಲ್ಲ, ದಕ್ಷತೆ 98% ಆಸುಪಾಸು. ಆದರೆ ಎರಡೂ ಪುಲ್ಲಿ ಹೊಸದು ಬೇಕು, ಅಲೈನ್‌ಮೆಂಟ್ ಕೂದಲೆಳೆಯಷ್ಟೂ ತಪ್ಪಬಾರದು, ಸದ್ದು ಜಾಸ್ತಿ. ಪುಲ್ಲಿ ಆರಿಸುವಾಗಲೂ ಹುಷಾರು, ಅದರ ಅಳತೆ ಬದಲಾದರೆ ಫ್ಯಾನಿನ ವೇಗವೂ ಬದಲಾಗುತ್ತದೆ. ಫ್ಯಾನಿನ ವೇಗ 5% ಹೆಚ್ಚಾದರೆ ಅದು ಕೇಳುವ ಪವರ್ ಸುಮಾರು 16% ಏರುತ್ತದೆ. ಹಗಲೂ ರಾತ್ರಿ ಓಡುವ ದೊಡ್ಡ ಫ್ಯಾನಿಗೆ ಸರಿ. ಎಂಟು ಗಂಟೆ ಓಡಿ ನಿಲ್ಲುವ ನಮ್ಮಂಥವರಿಗೆ ಹಾಕಿದ ದುಡ್ಡು ಬರುವುದು ಯಾವಾಗ?

ಲಿಂಕ್ ಬೆಲ್ಟ್, ಅಂದರೆ ತುಂಡು ತುಂಡು ಕೊಂಡಿ ಸೇರಿಸಿ ಮಾಡುವುದು, ದುಬಾರಿ. ಬೇಕಾದಷ್ಟು ಉದ್ದಕ್ಕೆ ಜೋಡಿಸಿಕೊಳ್ಳಬಹುದು ಅಂತ ಒಂದಿಷ್ಟು ತುರ್ತಿಗೆ ಇಟ್ಟಿದ್ದೇನೆ.

ಗ್ರೈಂಡಿಂಗ್ ಧೂಳಿನ ಬ್ಲೋವರಿಗೆ ಮಾತ್ರ ಇನ್ನೂ ಸಾದಾ ಬೆಲ್ಟೇ ಇದೆ. ಅದರ ಪುಲ್ಲಿಯ ಗ್ರೂವ್ ಸವೆದು ತಳ ಮಿಂಚುತ್ತಿದೆ. ವಿ-ಬೆಲ್ಟ್ ಕೂರಬೇಕಾದ್ದು ಗ್ರೂವಿನ ಪಕ್ಕಗಳ ಮೇಲೆ, ತಳದ ಮೇಲಲ್ಲ. ಇಂಥ ಪುಲ್ಲಿಗೆ ಎಂಥ ಒಳ್ಳೆ ಬೆಲ್ಟ್ ಹಾಕಿದರೂ ದಂಡ. ಮೊದಲು ಪುಲ್ಲಿ ಬದಲಿಸುತ್ತೇನೆ, ಆಮೇಲೆ ಅದಕ್ಕೂ ಒಂದು ಸೆಟ್ ಕಾಗ್ ಬೆಲ್ಟ್.