ಮಂಗಳೂರಿನ ಅರ್ಧ ದಿನದ ಹೆರಿಟೇಜ್ ಟೂರ್, ಹೆಂಚಿನ ಕಥೆಗೋಸ್ಕರ ಹೋಗಿ

ಏಳಕ್ಕೆ ಅಂದೋರು ಹೊರಟದ್ದು ಎಂಟಕ್ಕೆ, ಅಷ್ಟೊತ್ತಿಗೆ ಬೆವರಿ ಒದ್ದೆ ಮಾರಾಯ್ರೆ. ಆದ್ರೆ ಗೈಡ್ ಹುಡುಗ ಸೂಪರ್. ಟಿಪ್ಪು ಕಟ್ಟಿಸಿದ ಕಾವಲು ಗೋಪುರ ಸುಲ್ತಾನ್ ಬತ್ತೇರಿಲಿ, ಅವನಿಗೂ ಬ್ರಿಟಿಷರಿಗೂ ಆದ 1784ರ ಮಂಗಳೂರು ಒಪ್ಪಂದ, 1799ರಲ್ಲಿ ಟಿಪ್ಪು ಸತ್ಮೇಲೆ ಈಸ್ಟ್ ಇಂಡಿಯಾ ಕಂಪನಿ ಕರಾವಳಿ ನುಂಗಿದ್ದು ಎಲ್ಲ ಬೇಗ ಮುಗಿಸಿದ, ಅಸಲಿ ಮಜಾ ಹೆಂಚಿನ ಫ್ಯಾಕ್ಟ್ರಿ ಇದ್ದ ಜೆಪ್ಪಿನ ಹತ್ರ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್ನೋರು ಶುರು ಮಾಡಿದ ಹೆಂಚು ಬ್ರಿಟಿಷರ ಹಡಗು ದಾರಿ ಹಿಡ್ದು ಪೂರ್ವ ಆಫ್ರಿಕಾ ತನಕ ಹೋಯ್ತು, ಆಮೇಲೆ ಯುರೋಪಲ್ಲಿ ಮೊದಲ ಮಹಾಯುದ್ಧ ಹತ್ಕೊಂಡ್ರೆ ಇಲ್ಲಿ ಫ್ಯಾಕ್ಟ್ರಿ ಹೋಯ್ತು, ಮಿಶನ್ನಲ್ಲಿ ಜರ್ಮನ್ನರು ಇದ್ರಲ್ಲ, ಬ್ರಿಟಿಷ್ ಸರ್ಕಾರ ವಶ ಮಾಡ್ಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಸಂಸ್ಥೆಗೆ ಕೊಟ್ಟುಬಿಡ್ತು. ಒಂದು ಹಳೇ ಹೆಂಚು ಕೈಗೇ ಕೊಟ್ಟ, ಮೇಲೆ ಉಬ್ಬಕ್ಷರದಲ್ಲಿ ಕಂಪನಿ ಹೆಸ್ರು, ಅಂಚಲ್ಲಿ ಒಣಗಿದ ಪಾಚಿ. ಪೋರ್ಚುಗೀಸರು ತಂದ ಗೋಡಂಬಿಗೆ ಒಂದೇ ಲೈನ್, ಉಳ್ಳಾಲದ ಅಬ್ಬಕ್ಕನ ಸುದ್ದಿನೇ ಇಲ್ಲ, ಇದೆಂಥದು! ರೇಟು ಸ್ವಲ್ಪ ಜಾಸ್ತಿ, ಕೊನೇಲಿ ಕೊಡೋ ಬನ್ಸ್ ಚೆನ್ನಾಗಿದೆ. ನೀರಿನ ಬಾಟ್ಲಿ ನೀವೇ ತಗೊಂಡ್ಹೋಗಿ.